ಠಾಣೆಗೆ ಕರೆದರೆ ಮೊದಲು ಕಾಗದ ಕೇಳಿ

ಕಳೆದ ಸಂಚಿಕೆಯಲ್ಲಿ ಪೊಲೀಸ್ ನೋಟಿಸಿನ ಬಗ್ಗೆ ಉತ್ತರಿಸುವಾಗ ‘ಪತ್ರಕರ್ತರಿಗೂ ಇದೇ ನಿಯಮ, ಅವರಿಗೇನೂ ಕೊಂಬಿಲ್ಲ’ ಎಂದು ಒಂದು ಸಾಲು ಬರೆದಿದ್ದೆ. ಆ ಸಾಲು ಕೆಲವರಿಗೆ ಸಿಟ್ಟು ತರಿಸಿದೆ, ಕೆಲವರಿಗೆ ಖುಷಿ ಕೊಟ್ಟಿದೆ. ಬಂದ ಪತ್ರಗಳಲ್ಲಿ ಆಯ್ದವಕ್ಕೆ ಇಲ್ಲಿ ಉತ್ತರಿಸಿದ್ದೇನೆ. ಹೊಸ ಓದುಗರಿಗೆ ತಿಳಿದಿರಲಿ: ನಾನು ಹುಬ್ಬಳ್ಳಿಯಲ್ಲಿ ವರ್ಷಗಟ್ಟಲೆ ಕ್ರೈಂ ಬೀಟ್ ಮಾಡಿ, ಆಮೇಲೆ ಧಾರವಾಡದಲ್ಲಿ ಕರಿಕೋಟು ಹಾಕಿಕೊಂಡವಳು. ಪತ್ರ ಬರೆದವರ ಹೆಸರು, ಊರು ಬಿಟ್ಟಿದ್ದೇನೆ. ಅವರಲ್ಲಿ ಹೆಚ್ಚಿನವರು ನಾಳೆಯೂ ಅದೇ ಠಾಣೆಯ ಮುಂದೆ ಓಡಾಡಬೇಕು.

ಪ್ರ: ಅಕ್ಕಾವ್ರೇ, ತುಂಗಭದ್ರೆ ದಂಡೆಯ ತಾಲ್ಲೂಕೊಂದರಲ್ಲಿ ನಾನು ಅರೆಕಾಲಿಕ ವರದಿಗಾರ. ರಾತ್ರಿ ಹೊತ್ತು ಪರ್ಮಿಟ್ ಇಲ್ಲದೆ ಓಡುವ ಮರಳಿನ ಟಿಪ್ಪರ್‌ಗಳ ಬಗ್ಗೆ ಸುದ್ದಿ ಮಾಡಿದೆ. ಮರುದಿನ ಬೆಳಿಗ್ಗೆ ಕಾನ್‌ಸ್ಟೆಬಲ್ ಫೋನ್ ಮಾಡಿ ‘ಸಾಹೇಬ್ರು ಕರ್ಯಾಕತ್ತಾರ, ಐದ್ ಮಿನಿಟ್ ಬಂದ್ ಹೋಗ್ರಿ’ ಅಂದರು. ಹೋದವನನ್ನು ಸಂಜೆಯವರೆಗೂ ಬೆಂಚಿನ ಮೇಲೆ ಕೂರಿಸಿದರು. ಫೋನ್ ಇಸಕೊಂಡು ವಿಡಿಯೊ ಡಿಲೀಟ್ ಮಾಡಿದರು. ಹೊಡೆಯಲಿಲ್ಲ, ಬೈದರು ಅಷ್ಟೆ. ಕೇಸೂ ಇಲ್ಲ, ಕಾಗದವೂ ಇಲ್ಲ. ಸಂಪಾದಕರು ‘ಬಿಟ್ಟುಬಿಡು’ ಅನ್ನುತ್ತಾರೆ. ಏನು ಮಾಡಲಿ?

ಉ: ತಮ್ಮಾ, ‘ಹೊಡೆಯಲಿಲ್ಲ, ಬೈದರು ಅಷ್ಟೆ’ ಎಂದು ನೀನೇ ಅವರಿಗೆ ರಿಯಾಯಿತಿ ಕೊಟ್ಟುಬಿಟ್ಟಿದ್ದೀಯ. ಕೊಡಬೇಡ.

ದೆಹಲಿಯಲ್ಲಿ ಪತ್ರಕರ್ತರ ಮನೆಗೆ ಪೊಲೀಸರು ನುಗ್ಗಿದರೆ ಸಂಜೆಯೊಳಗೆ ದೇಶಕ್ಕೆಲ್ಲ ಗೊತ್ತಾಗುತ್ತದೆ. ತಾಲ್ಲೂಕಿನಲ್ಲಿ ಪತ್ರಿಕಾ ಸ್ವಾತಂತ್ರ್ಯ ಸಾಯುವುದು ಈ ‘ಐದ್ ಮಿನಿಟ್ ಬಂದ್ ಹೋಗ್ರಿ’ಯಲ್ಲಿ. ಎಫ್‌ಐಆರ್ ಇಲ್ಲ, ಬಂಧನ ಇಲ್ಲ, ಮಹಜರು ಇಲ್ಲ. ನಾಳೆ ಯಾರಾದರೂ ಕೇಳಿದರೆ ‘ಅವರೇ ಚಹಾ ಕುಡಿಯಲು ಬಂದಿದ್ದರು’ ಎಂದರೂ ನಡೆಯುತ್ತದೆ. ಬಾಯಿಮಾತಿನಲ್ಲಿ ಮಾಡಿದ್ದಕ್ಕೆ ಮೇಲ್ಮನವಿ ಇಲ್ಲ, ಅದೇ ಅದರ ಅನುಕೂಲ. ಹಾಗಾಗಿ ನಿನ್ನ ಕೆಲಸವೆಲ್ಲ ಇರುವುದು ನಡೆದದ್ದನ್ನು ಕಾಗದಕ್ಕೆ ಇಳಿಸುವುದರಲ್ಲಿ.

2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಂಧನ, ತನಿಖೆ ಹೇಗಿರಬೇಕೆಂದು ಹೇಳುವ ಬಿಎನ್‌ಎಸ್‌ಎಸ್ ಪ್ರಕಾರ, ನಿನ್ನ ಮೇಲೆ ಅನುಮಾನವಿದ್ದು ಕೂಡಲೇ ಬಂಧಿಸುವ ಅಗತ್ಯವಿಲ್ಲದಿದ್ದರೆ 35(3)ರಡಿ ನೋಟಿಸ್ ಕೊಟ್ಟು ಕರೆಯಬೇಕು. ಸಾಕ್ಷಿಯಾಗಿ ಬೇಕಿದ್ದರೆ 179ರಡಿ ಲಿಖಿತ ಆದೇಶ ಕೊಡಬೇಕು. ಮೂರನೆಯ ದಾರಿ, ‘ಸಾಹೇಬ್ರು ಕರೀತಾರೆ’ ಎಂಬುದು ಸಂಹಿತೆಯಲ್ಲಿ ಎಲ್ಲೂ ಇಲ್ಲ. ಎದ್ದು ಹೋಗಲು ಬಿಡದೆ ಕೂರಿಸಿಕೊಂಡರೆ ಅದು ಅಕ್ರಮ ಬಂಧನ, ಐಪಿಸಿ ಜಾಗಕ್ಕೆ ಬಂದ ನ್ಯಾಯ ಸಂಹಿತೆಯ 127. ಫೋನನ್ನು ವಶಪಡಿಸಿಕೊಳ್ಳಬೇಕಾದರೆ ಪಟ್ಟಿ ಮಾಡಿ, ಪಂಚರ ಸಹಿ ಹಾಕಿಸಿ, ಇಡೀ ಪ್ರಕ್ರಿಯೆಯ ವಿಡಿಯೊ ಮಾಡಬೇಕು ಎನ್ನುತ್ತದೆ ಬಿಎನ್‌ಎಸ್‌ಎಸ್‌ನ 105. ಡಿಲೀಟ್ ಮಾಡಿದ್ದಂತೂ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ರಡಿ ಅಪರಾಧ. ಮಾಲೀಕನ ಒಪ್ಪಿಗೆಯಿಲ್ಲದೆ, ಅಪ್ರಾಮಾಣಿಕವಾಗಿ ಅಥವಾ ಮೋಸದಿಂದ ಫೋನಿನ ಮಾಹಿತಿ ಅಳಿಸಿದ ಯಾರಿಗಾದರೂ ಅದು ಅನ್ವಯವಾಗುತ್ತದೆ. ಖಾಕಿಗೆ ಅದರಲ್ಲಿ ವಿನಾಯಿತಿ ಬರೆದಿಲ್ಲ.

ಈಗ ಮಾಡಬೇಕಾದ್ದು. ಮೊದಲು ಫೋನಿನ ಗ್ಯಾಲರಿಯಲ್ಲಿ ಟ್ರ್ಯಾಶ್ ತೆರೆದು ನೋಡು, ಅಳಿಸಿದ ವಿಡಿಯೊ ಸಾಮಾನ್ಯವಾಗಿ ಒಂದು ತಿಂಗಳು ಅಲ್ಲೇ ಬಿದ್ದಿರುತ್ತದೆ. ಡಿಲೀಟ್ ಮಾಡುವವರಿಗೆ ಇದು ಎಷ್ಟೋ ಸಲ ಗೊತ್ತಿರುವುದಿಲ್ಲ, ಅಥವಾ ಅವಸರದಲ್ಲಿ ಮರೆತಿರುತ್ತಾರೆ. ಸಿಕ್ಕರೆ ಬೇರೆ ಎರಡು ಕಡೆ ಇಟ್ಟುಕೋ.

ಎರಡನೆಯದು ಠಾಣೆಯ ಸಿಸಿಟಿವಿ. 2020ರ ಡಿಸೆಂಬರ್‌ನಲ್ಲಿ ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರತಿ ಠಾಣೆಯ ಬಾಗಿಲು, ಲಾಕಪ್, ವರಾಂಡ, ಇನ್‌ಸ್ಪೆಕ್ಟರ್ ಕೋಣೆಗಳಲ್ಲಿ ಕ್ಯಾಮೆರಾ ಇರಬೇಕು, ದೃಶ್ಯ 18 ತಿಂಗಳು ಉಳಿಯಬೇಕು, ಅಂಥ ಯಂತ್ರ ಸಿಗದ ಕಡೆ ಕನಿಷ್ಠ ಒಂದು ವರ್ಷವಾದರೂ ಇರಬೇಕು ಎಂದಿದೆ. ನೀನು ಕೂತ ಬೆಂಚು ಖಂಡಿತ ಅದರ ಕಣ್ಣಿಗೆ ಬಿದ್ದಿರುತ್ತದೆ. ದಿನಾಂಕ, ಒಳಹೋದ ವೇಳೆ, ಹೊರಬಂದ ವೇಳೆ ನಮೂದಿಸಿ ‘ಈ ದೃಶ್ಯ ಅಳಿಸದೆ ಕಾಯ್ದಿರಿಸಿ’ ಎಂದು ಎಸ್‌ಪಿಗೆ ಅರ್ಜಿ ಹಾಕು. ಜತೆಗೆ ಮಾಹಿತಿ ಹಕ್ಕಿನಡಿಯೂ ಕೇಳು. ‘ಕ್ಯಾಮೆರಾ ಕೆಟ್ಟಿತ್ತು’ ಎಂಬ ಉತ್ತರ ಬರಬಹುದು. ಬಂದರೆ ಬರಲಿ, ಅದನ್ನೂ ಬರೆದೇ ಕೊಡಲಿ. ಕೆಟ್ಟ ಕ್ಯಾಮೆರಾ ಈಗ ಅವರ ತಲೆನೋವು. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದೇ ವಿಷಯವನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡಿದೆ.

ದೂರನ್ನು ಅದೇ ಠಾಣೆಗೆ ಒಯ್ಯಬೇಡ. ಎಸ್‌ಪಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸು, ಪ್ರತಿಯನ್ನು ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೂ ರಾಜ್ಯ ಪೊಲೀಸ್ ದೂರು ಪ್ರಾಧಿಕಾರಕ್ಕೂ ಹಾಕು. ಆಯೋಗಕ್ಕೆ ಒಂದು ವರ್ಷದೊಳಗೆ ಹೋಗಬೇಕು, ಅದು ದಾಟಿದರೆ ಬಾಗಿಲು ಮುಚ್ಚಿತು. ಎಸ್‌ಪಿ ಸುಮ್ಮನಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಬಿಎನ್‌ಎಸ್‌ಎಸ್‌ನ 175ರಡಿ ಅರ್ಜಿ. ಇಲ್ಲೊಂದು ಗುಂಡಿ ಇದೆ, ಮೊದಲೇ ಹೇಳಿಬಿಡುತ್ತೇನೆ: ಸರ್ಕಾರಿ ನೌಕರನ ಮೇಲಿನ ದೂರಾದರೆ ಮ್ಯಾಜಿಸ್ಟ್ರೇಟರು ಮೇಲಧಿಕಾರಿಯ ವರದಿ ತರಿಸಿ, ಆರೋಪಿ ಅಧಿಕಾರಿಯ ಮಾತನ್ನೂ ನೋಡಬೇಕು. ಆಮೇಲೆ ‘ಅಧಿಕಾರಿಯ ಮೇಲೆ ಮೊಕದ್ದಮೆಗೆ ಸರ್ಕಾರದ ಪೂರ್ವಾನುಮತಿ ಎಲ್ಲಿ?’ ಎಂಬ ತಕರಾರು ಬರುತ್ತದೆ. ಕರ್ನಾಟಕದಿಂದಲೇ ಹೋದ ದೇವರಾಜ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್, ಅಧಿಕಾರಿ ಮಿತಿಮೀರಿದ್ದರೂ ಆ ಕೃತ್ಯಕ್ಕೆ ಕರ್ತವ್ಯದ ಜತೆ ನಂಟಿದ್ದರೆ ಅನುಮತಿ ಬೇಕೇಬೇಕು ಎಂದಿದೆ. ಕೇಸೇ ಇಲ್ಲದೆ ನಿನ್ನನ್ನು ಕರೆಸಿ ಕೂರಿಸಿದ್ದು ಯಾವ ಕರ್ತವ್ಯ ಎಂದು ಕೇಳುವುದು ನಿನ್ನ ವಕೀಲರ ಕೆಲಸ. ಅಲ್ಲಿ ಕಾಗದವಿಲ್ಲದ್ದೇ ಅವರಿಗೆ ಉರುಳಾಗುತ್ತದೆ.

ಸಂಪಾದಕರ ಬಗ್ಗೆ ಎರಡು ಮಾತು. ಸಾಲಿಗಿಷ್ಟು ಎಂದು ಕೊಟ್ಟು, ಉಳಿದದ್ದನ್ನು ಜಾಹೀರಾತು ಕಮಿಷನ್‌ನಲ್ಲಿ ದುಡಿದುಕೋ ಎನ್ನುವ ಪತ್ರಿಕೆಗೆ, ತನ್ನ ವರದಿಗಾರನ ಪರವಾಗಿ ಎಸ್‌ಪಿಗೆ ಒಂದು ಪತ್ರ ಬರೆಯಲು ಲೆಟರ್‌ಹೆಡ್ ಕೂಡ ಇಲ್ಲವೆ? ಕೇಳು. ‘ಈತ ನಮ್ಮ ವರದಿಗಾರ, ನಮ್ಮ ಸೂಚನೆಯ ಮೇರೆಗೆ ಸುದ್ದಿಗೆ ಹೋಗಿದ್ದ’ ಎಂಬ ಮೂರು ಸಾಲು ಸಾಕು. ಬರೆಯಲು ಒಪ್ಪದಿದ್ದರೆ ಆ ಪತ್ರಿಕೆಗೆ ಮರಳಿನ ಸುದ್ದಿ ಮಾಡಬೇಡ, ಹೂವಿನ ರೇಟಿನ ಸುದ್ದಿ ಮಾಡು.

ಪ್ರ: ನಾನು ನಿವೃತ್ತ ಮೇಷ್ಟ್ರು. ನಮ್ಮ ಓಣಿಯಲ್ಲಿ ಪ್ರತಿ ಮೂರನೇ ಬೈಕಿನ ಮೇಲೆ ‘ಪ್ರೆಸ್’ ಎಂದು ಬರೆದಿದೆ. ಅಂಗಡಿಯವರ ಹತ್ತಿರ ರೋಲ್‌ಕಾಲ್ ಮಾಡುವವರೇ ಜಾಸ್ತಿ. ಇವರಿಗೆ ಪೊಲೀಸರು ಎರಡು ಬಿಗಿದರೆ ತಪ್ಪೇನು? ಪತ್ರಕರ್ತರಿಗೇ ಪ್ರತ್ಯೇಕ ಸ್ವಾತಂತ್ರ್ಯ ಯಾಕೆ?

ಉ: ಮೇಷ್ಟ್ರೇ, ಪ್ರತ್ಯೇಕ ಸ್ವಾತಂತ್ರ್ಯ ಇಲ್ಲವೇ ಇಲ್ಲ. ಸಂವಿಧಾನದಲ್ಲಿ ‘ಪತ್ರಿಕಾ ಸ್ವಾತಂತ್ರ್ಯ’ ಎಂಬ ಪದವನ್ನೇ ಬರೆದಿಲ್ಲ. ಸಂವಿಧಾನ ಸಭೆಯಲ್ಲಿ ಇದನ್ನು ಸೇರಿಸಿ ಎಂದು ಒತ್ತಾಯ ಬಂದಾಗ ಅಂಬೇಡ್ಕರ್ ಅವರು, ಸಂಪಾದಕನೂ ವ್ಯವಸ್ಥಾಪಕನೂ ನಾಗರಿಕರೇ, ಅವರು ಬರೆಯುವಾಗ ಚಲಾಯಿಸುವುದು ನಾಗರಿಕನ ಹಕ್ಕನ್ನೇ, ಬೇರೆ ಹೇಳುವ ಅಗತ್ಯವಿಲ್ಲ ಎಂಬರ್ಥದಲ್ಲಿ ಉತ್ತರಿಸಿದ್ದರು. ವಾಕ್ ಸ್ವಾತಂತ್ರ್ಯ ಕೊಡುವ 19(1)(ಎ) ವಿಧಿ ನಿಮಗೂ ಅಷ್ಟೇ, ನನಗೂ ಅಷ್ಟೇ. 1950ರಲ್ಲಿ ರೊಮೇಶ್ ಥಾಪರ್ ಅವರ ‘ಕ್ರಾಸ್‌ರೋಡ್ಸ್’ ವಾರಪತ್ರಿಕೆ ಮದ್ರಾಸ್ ರಾಜ್ಯದೊಳಗೆ ಬರಕೂಡದೆಂದು ಸರ್ಕಾರ ತಡೆದಾಗ ಸುಪ್ರೀಂ ಕೋರ್ಟ್ ಆ ಆದೇಶ ಹೊಡೆದುಹಾಕಿದ್ದೂ ಇದೇ ವಿಧಿಯಡಿ. ಮರುವರ್ಷವೇ ಸಂವಿಧಾನದ ಮೊದಲ ತಿದ್ದುಪಡಿ ತಂದು ‘ಸಾರ್ವಜನಿಕ ಸುವ್ಯವಸ್ಥೆ’ ಎಂಬ ಬೇಲಿ ಹಾಕಿದರು. ಇವತ್ತಿಗೂ ಪೊಲೀಸರು ಹೆಚ್ಚಾಗಿ ಹಿಡಿದುಕೊಳ್ಳುವುದು ಅದೇ ಬೇಲಿಗೂಟವನ್ನು.

ರೋಲ್‌ಕಾಲಿನವರ ಬಗ್ಗೆ ನಿಮ್ಮ ಸಿಟ್ಟು ನನಗೂ ಇದೆ. ಬೆದರಿಸಿ ಹಣ ಕೀಳುವುದು ಸುಲಿಗೆ, ಅದಕ್ಕೆ ನ್ಯಾಯ ಸಂಹಿತೆಯಲ್ಲಿ 308 ಇದೆ. ಅಂಗಡಿಯವರು ದೂರು ಕೊಡಲಿ, ಎಫ್‌ಐಆರ್ ಹಾಕಲಿ, ಚಾರ್ಜ್‌ಶೀಟ್ ಹಾಕಲಿ. ‘ಎರಡು ಬಿಗಿಯುವುದು’ ಮಾತ್ರ ಬೇಡ. ಯಾಕೆಂದರೆ ಬಿಗಿತ ಬೀಳುವುದು ರೋಲ್‌ಕಾಲಿನವನಿಗಲ್ಲ. ಅವನು ಠಾಣೆಯಲ್ಲಿ ದಾಖಲೆ ಬರೆಯುವ ರೈಟರ್ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಾನೆ, ಅವನಿಗೂ ಠಾಣೆಗೂ ಕೊಡುಕೊಳ್ಳುವಿಕೆ ಇರುತ್ತದೆ. ಏಟು ತಿನ್ನುವವನು ಮೇಲಿನ ಪತ್ರದ ಹುಡುಗನಂಥವನು.

ಮಧ್ಯಪ್ರದೇಶದ ಸೀಧಿಯಲ್ಲಿ 2022ರ ಏಪ್ರಿಲ್‌ನಲ್ಲಿ ಏನಾಯಿತು ನೆನಪಿರಬಹುದು. ರಂಗಕರ್ಮಿಯೊಬ್ಬರ ಬಂಧನ ವಿರೋಧಿಸಿ ಠಾಣೆ ಮುಂದೆ ನಡೆದ ಪ್ರತಿಭಟನೆಯ ವರದಿಗೆ ಹೋಗಿದ್ದ ಯೂಟ್ಯೂಬ್ ಪತ್ರಕರ್ತನನ್ನೂ ಪ್ರತಿಭಟನಕಾರರನ್ನೂ ಒಳಗೆ ಒಯ್ದು, ಬಟ್ಟೆ ಬಿಚ್ಚಿಸಿ, ಚಡ್ಡಿಯಲ್ಲಿ ಗೋಡೆಗೆ ಸಾಲಾಗಿ ನಿಲ್ಲಿಸಿದರು. ಆ ಫೋಟೊ ತೆಗೆದದ್ದೂ ಠಾಣೆಯೊಳಗೇ. ಬಟ್ಟೆಯಿಂದ ಕುತ್ತಿಗೆಗೆ ಕುಣಿಕೆ ಹಾಕಿಕೊಂಡಾರು ಎಂದು ಬಿಚ್ಚಿಸಿದೆವು ಎಂಬುದು ಠಾಣೆಯ ಸಮಜಾಯಿಷಿ. ಫೋಟೊ ಊರೆಲ್ಲ ಹರಿದಾಡಿದ ಮೇಲೆ ಅಧಿಕಾರಿಗಳ ಮೇಲೆ ಕ್ರಮವಾಯಿತು. ಮೇಷ್ಟ್ರೇ, ಆ ಸಾಲಿನಲ್ಲಿ ಪತ್ರಕರ್ತನಲ್ಲದವರೂ ನಿಂತಿದ್ದರು ಎಂಬುದನ್ನು ಗಮನಿಸಿ.

ಪ್ರ: ಪತ್ರಿಕೋದ್ಯಮ ವಿದ್ಯಾರ್ಥಿನಿ ನಾನು. ಅಪರಾಧ ನಡೆಯುವಾಗ ನಾವು ಅಲ್ಲಿದ್ದು ಚಿತ್ರೀಕರಿಸಿದರೆ ನಮ್ಮನ್ನೇ ಆರೋಪಿ ಮಾಡಬಹುದಾ? ಮಂಗಳೂರಿನಲ್ಲಿ ಹಾಗೆ ಆಗಿತ್ತಂತೆ.

ಉ: ಆಗಿತ್ತು. ನೀವು ಕೇಳುತ್ತಿರುವುದು ನವೀನ್ ಸೂರಿಂಜೆ ಪ್ರಕರಣ. ನಿಮ್ಮ ಪಠ್ಯದಲ್ಲಿ ಇದು ಇಲ್ಲವಾದರೆ ಪಾಠ ಮಾಡುವವರನ್ನು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ.

2012ರ ಜುಲೈ 28ರಂದು ಮಂಗಳೂರಿನ ಪಡೀಲ್‌ನ ಹೋಂಸ್ಟೇ ಒಂದರಲ್ಲಿ ಹುಡುಗ-ಹುಡುಗಿಯರು ಹುಟ್ಟುಹಬ್ಬ ಆಚರಿಸುತ್ತಿದ್ದಾಗ ಗುಂಪೊಂದು ನುಗ್ಗಿ ಹೊಡೆಯಿತು, ಹುಡುಗಿಯರನ್ನು ಎಳೆದಾಡಿತು. ಸುಳಿವು ಸಿಕ್ಕಿ ಕ್ಯಾಮೆರಾದವರೊಂದಿಗೆ ಹೋದ ಟಿವಿ ವರದಿಗಾರ ನವೀನ್ ಅದನ್ನು ಚಿತ್ರೀಕರಿಸಿದರು. ದಾಳಿ ಮಾಡಿದವರ ಮುಖ ಜಗತ್ತಿಗೆ ಕಂಡದ್ದು ಆ ದೃಶ್ಯಗಳಿಂದ. ಪೊಲೀಸರು ಅವರನ್ನೂ ಆರೋಪಿಗಳ ಪಟ್ಟಿಗೆ ಸೇರಿಸಿ ನವೆಂಬರ್ 7ರಂದು ಬಂಧಿಸಿದರು. ಮೊದಲೇ ಗೊತ್ತಿದ್ದೂ ತಿಳಿಸಲಿಲ್ಲ ಎಂಬುದು ಪೊಲೀಸರ ವಾದ. ಇನ್‌ಸ್ಪೆಕ್ಟರ್‌ಗೆ ಕರೆ ಮಾಡಿದ್ದೆ, ಅವರು ಎತ್ತಲಿಲ್ಲ ಎಂಬುದು ನವೀನ್ ಮಾತು. ಡಿಸೆಂಬರ್‌ನಲ್ಲಿ ಹೈಕೋರ್ಟ್ ಜಾಮೀನು ನಿರಾಕರಿಸಿತು. ಪತ್ರಕರ್ತರು ಬೀದಿಗಿಳಿದರು. 2013ರ ಜನವರಿ ಕೊನೆಗೆ ಶೆಟ್ಟರ್ ಸಂಪುಟ ಮೊಕದ್ದಮೆ ಕೈಬಿಡಲು ತೀರ್ಮಾನಿಸಿತು, ಆದರೂ ಅವರು ಜೈಲಿನಲ್ಲೇ ಉಳಿದರು. ಮಾರ್ಚ್‌ನಲ್ಲಿ ಜಾಮೀನು ಸಿಕ್ಕಿ ಹೊರಬಂದರು. ಸರ್ಕಾರ ಬದಲಾದ ಮೇಲೆ ಮೊಕದ್ದಮೆ ಹಿಂದಕ್ಕೆ ಹೋಯಿತು.

ಅಂದರೆ ಸಾಕ್ಷಿ ಒದಗಿಸಿದವನು ನಾಲ್ಕು ತಿಂಗಳಿಗೂ ಹೆಚ್ಚು ಜೈಲಿನಲ್ಲಿದ್ದ. ನನಗೆ ಈ ಪ್ರಕರಣದಲ್ಲಿ ಇಂದಿಗೂ ಚುಚ್ಚುವುದು ಬಂಧನವಲ್ಲ. ಆ ಬಳಿಕ ಕರಾವಳಿಯ ವರದಿಗಾರರಿಗೆ ‘ಇಂಥ ಕಡೆ ಗಲಾಟೆ ಆಗುತ್ತಿದೆ’ ಎಂದು ಕರೆ ಬಂದಾಗ, ಹೋಗಲೋ ಬೇಡವೋ ಎಂದು ಯೋಚಿಸುವ ಆ ಅರೆಗಳಿಗೆ.

ಕಾನೂನಿನ ಮಾತು: ಗಲಭೆ, ಕೊಲೆ, ದರೋಡೆಯಂಥ ಕೆಲವು ಅಪರಾಧಗಳು ನಡೆಯಲಿವೆ ಎಂದು ತಿಳಿದರೆ ಪೊಲೀಸರಿಗೆ ಹೇಳುವುದು ಎಲ್ಲ ನಾಗರಿಕರ ಕರ್ತವ್ಯ, ಬಿಎನ್‌ಎಸ್‌ಎಸ್‌ನ 33. ಪತ್ರಕರ್ತೆಯೂ ನಾಗರಿಕಳೇ. ಹಾಗಾಗಿ ಪರಿಚಯದ ಇನ್‌ಸ್ಪೆಕ್ಟರ್‌ರ ಮೊಬೈಲ್‌ಗೆ ಮಾಡುವುದರ ಜತೆಗೆ 112ಕ್ಕೆ ಕರೆ ಮಾಡಿ. ಅಲ್ಲಿ ಕರೆ ದಾಖಲಾಗುತ್ತದೆ, ವೇಳೆ ದಾಖಲಾಗುತ್ತದೆ. ಕೂಡಲೇ ನ್ಯೂಸ್ ಡೆಸ್ಕಿನ ಗುಂಪಿಗೆ ‘ಹೊರಟಿದ್ದೇನೆ, 112ಕ್ಕೆ ಹೇಳಿದ್ದೇನೆ’ ಎಂದು ಸಂದೇಶ ಹಾಕಿ. ಅರ್ಧ ನಿಮಿಷದ ಕೆಲಸ. ಕ್ಯಾಮೆರಾ ತೆಗೆಯುವ ಮೊದಲೇ ಮಾಡಿ.

ಪ್ರ: ಲ್ಯಾಪ್‌ಟಾಪ್, ಮೊಬೈಲ್ ಒಯ್ಯಲು ಪೊಲೀಸರು ಮನೆಗೆ ಬಂದರೆ ಏನು ಮಾಡಬೇಕು? ಬೆಂಗಳೂರಿನಲ್ಲಿ ಜಾಲತಾಣಗಳಿಗೆ ಬರೆಯುತ್ತೇನೆ. ಮೂಲಗಳ ಹೆಸರೆಲ್ಲ ಅದರಲ್ಲೇ ಇದೆ.

ಉ: ಹೆಸರೆಲ್ಲ ಅದರಲ್ಲೇ ಇರುವುದು ನಿಮ್ಮ ಮೊದಲ ಸಮಸ್ಯೆ. ಇವತ್ತೇ ಸರಿಪಡಿಸಿಕೊಳ್ಳಿ.

ಎರಡನೆಯದಕ್ಕೆ ಬರೋಣ. 2022ರ ಜೂನ್ ಕೊನೆಗೆ ದೆಹಲಿ ಪೊಲೀಸರು ಸುಳ್ಳುಸುದ್ದಿ ಬಯಲು ಮಾಡುವ ಜಾಲತಾಣ ಆಲ್ಟ್ ನ್ಯೂಸ್‌ನ ಮೊಹಮ್ಮದ್ ಜುಬೇರ್ ಅವರನ್ನು ಬಂಧಿಸಿ, ಲ್ಯಾಪ್‌ಟಾಪ್‌ಗಾಗಿ ಬೆಂಗಳೂರಿನ ಮನೆಗೇ ಕರೆತಂದಿದ್ದರು. ಕೇಸು ಇದ್ದದ್ದು ಹಳೆಯ ಟ್ವೀಟ್ ಬಗ್ಗೆ. ಉತ್ತರ ಪ್ರದೇಶದಲ್ಲಿ ಅವರ ಮೇಲಿದ್ದ ಬೇರೆ ಕೇಸುಗಳಲ್ಲಿ ಜುಲೈ 20ರಂದು ಸುಪ್ರೀಂ ಕೋರ್ಟ್ ಜಾಮೀನು ಕೊಟ್ಟಿತು. ಟ್ವೀಟ್ ಮಾಡದಂತೆ ಷರತ್ತು ಹಾಕಿ ಎಂದು ಅಲ್ಲಿನ ಸರ್ಕಾರ ಕೇಳಿದ್ದನ್ನು ಒಪ್ಪಲಿಲ್ಲ. 2023ರ ಅಕ್ಟೋಬರ್ 3ರಂದು ದೆಹಲಿಯ ಸುದ್ದಿ ಜಾಲತಾಣ ನ್ಯೂಸ್‌ಕ್ಲಿಕ್‌ಗೆ ಸಂಬಂಧಿಸಿದವರ ಮನೆಗಳ ಮೇಲೆ ಒಂದೇ ಬೆಳಿಗ್ಗೆ ದಾಳಿ ನಡೆದು ರಾಶಿ ಉಪಕರಣಗಳು ಹೋದವು. ಸಂಪಾದಕ ಪ್ರಬೀರ್ ಪುರಕಾಯಸ್ಥ ಅವರ ಬಂಧನವನ್ನು 2024ರ ಮೇ 15ರಂದು ಸುಪ್ರೀಂ ಕೋರ್ಟ್ ಅಸಿಂಧು ಎಂದಿತು. ಕಾರಣ ಏನು ಗೊತ್ತೆ? ಬಂಧನದ ಕಾರಣಗಳನ್ನು ಅವರಿಗೆ ಬರೆದು ಕೊಟ್ಟಿರಲಿಲ್ಲ. ಭಯೋತ್ಪಾದನೆ ಪ್ರಕರಣಗಳಿಗೆ ಬಳಸುವ ಯುಎಪಿಎಯಂಥ ಬೆಟ್ಟದಂಥ ಕಾಯ್ದೆಯಡಿ ಆದ ಬಂಧನ ಒಂದು ಹಾಳೆ ಇಲ್ಲದ್ದಕ್ಕೆ ಬಿದ್ದುಹೋಯಿತು. ನಾನು ಕಾಗದ ಕಾಗದ ಎಂದು ಬಡಿದುಕೊಳ್ಳುವುದು ಇದಕ್ಕೇ.

ಪತ್ರಕರ್ತರ ಉಪಕರಣ ಜಪ್ತಿಗೆ ಮಾರ್ಗಸೂಚಿ ಮಾಡಿ ಎಂದು 2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೇಂದ್ರಕ್ಕೆ ಹೇಳಿತು. ಅದಾಗುವವರೆಗೆ ಸಿಬಿಐ ಕೈಪಿಡಿಯನ್ನು ಪಾಲಿಸುತ್ತೇವೆ ಎಂದಿತು ಕೇಂದ್ರ. ನಮ್ಮ ರಾಜ್ಯದ ಮಟ್ಟಿಗೆ 2021ರ ವೀರೇಂದ್ರ ಖನ್ನಾ ಪ್ರಕರಣದ ಹೈಕೋರ್ಟ್ ತೀರ್ಪನ್ನು ಪ್ರಿಂಟ್ ತೆಗೆದು ಮನೆಯಲ್ಲಿ ಇಟ್ಟುಕೊಳ್ಳಿ. ಪಾಸ್‌ವರ್ಡ್ ವಿಷಯದಲ್ಲಿ ಅದು ಆರೋಪಿಗೆ ಅಷ್ಟು ಅನುಕೂಲವಾಗಿಲ್ಲ, ಆದರೆ ಜಪ್ತಿ ಹೇಗಿರಬೇಕೆಂದು ಬಿಡಿಸಿ ಹೇಳಿದೆ: ತಿಳಿದ ಫೋರೆನ್ಸಿಕ್ ತಜ್ಞರು ಜತೆಗಿರಬೇಕು, ಫೋನನ್ನು ಸಿಗ್ನಲ್ ತಡೆಯುವ ಚೀಲದಲ್ಲಿ ಇಡಬೇಕು.

ಅದು ತೀರ್ಪು. ನಾನು ಕಂಡದ್ದು ಬೇರೆ. ಕಾನ್‌ಸ್ಟೆಬಲ್ ಒಬ್ಬ ಚಾಲೂ ಫೋನನ್ನೇ ಕಂದು ಕವರಿಗೆ ಹಾಕಿ, ಬಿಳಿ ದಾರ ಸುತ್ತಿ, ಮೇಣದ ಬತ್ತಿಯಲ್ಲಿ ಅರಗು ಕರಗಿಸಿ ಸೀಲು ಒತ್ತುತ್ತಾನೆ. ಮೇಲೆ ಅಂಟಿಸಿದ ಚೀಟಿಯಲ್ಲಿ ಪಂಚರ ಸಹಿ. ಪಂಚರು ಎದುರಿನ ಚಹಾದಂಗಡಿಯವರು. ಕವರಿನೊಳಗೆ ಫೋನು ಆಗಾಗ ಗುರ್ರೆನ್ನುತ್ತಲೇ ಇರುತ್ತದೆ. ಅದಕ್ಕೆ ಸಂದೇಶ ಬರುತ್ತಿದೆ, ಅದರೊಳಗಿನದು ಬದಲಾಗುತ್ತಿದೆ! ಇಂಥದ್ದನ್ನು ಕಂಡರೆ ಜಗಳ ಬೇಡ, ಸಹಿ ಹಾಕುವಾಗ ‘ಫೋನ್ ಚಾಲೂ ಇತ್ತು, ಹ್ಯಾಶ್ ವ್ಯಾಲ್ಯೂ ತೆಗೆದಿಲ್ಲ’ ಎಂದು ಮಹಜರಿನ ಕೆಳಗೆ ನಿಮ್ಮ ಕೈಬರಹದಲ್ಲೇ ಬರೆಯಿರಿ. ಹ್ಯಾಶ್ ವ್ಯಾಲ್ಯೂ ಎಂದರೆ ಆ ಕ್ಷಣಕ್ಕೆ ಫೋನಿನಲ್ಲಿದ್ದ ಎಲ್ಲದರ ಬೆರಳಚ್ಚು. ಆಮೇಲೆ ಏನೇ ಸೇರಿಸಿದರೂ ಅಳಿಸಿದರೂ ಅದು ಬದಲಾಗುತ್ತದೆ. ಹೊಸ ಸಾಕ್ಷ್ಯ ಅಧಿನಿಯಮದಡಿ ಡಿಜಿಟಲ್ ಸಾಕ್ಷ್ಯದ ಜತೆ ಕೊಡಬೇಕಾದ ಪ್ರಮಾಣಪತ್ರದಲ್ಲಿ ಅದಕ್ಕೊಂದು ಕಾಲಂ ಇದೆ. ಮಹಜರಿನ ಪ್ರತಿ ಕೈಗೆ ಬರುವವರೆಗೆ ಅವರನ್ನು ಬಾಗಿಲವರೆಗೂ ಬೀಳ್ಕೊಡಬೇಡಿ.

ಪ್ರ: ಸುದ್ದಿಯ ಮೂಲ ಹೇಳುವುದಿಲ್ಲ ಎನ್ನುವ ಹಕ್ಕು ಪತ್ರಕರ್ತರಿಗೆ ಇದೆಯೆ?

ಉ: ಪತ್ರಿಕಾ ಮಂಡಳಿಯ, ಅಂದರೆ ಪ್ರೆಸ್ ಕೌನ್ಸಿಲ್‌ನ ಮುಂದೆ ಮಾತ್ರ ಇದೆ. 1978ರ ಕಾಯ್ದೆಯ 15ನೇ ಕಲಂ ಪ್ರಕಾರ ಮಂಡಳಿ ನಿಮ್ಮನ್ನು ಒತ್ತಾಯಿಸುವಂತಿಲ್ಲ. ಆ ಮಂಡಳಿ ಹೇಗೂ ಛೀಮಾರಿಗಿಂತ ಹೆಚ್ಚಿನದೇನೂ ಮಾಡಲಾರದು. ನ್ಯಾಯಾಲಯದಲ್ಲಿ ಈ ರಕ್ಷಣೆ ಇಲ್ಲ. ಕೊಡಿ ಎಂದು ಕಾನೂನು ಆಯೋಗ ತನ್ನ 93ನೇ ವರದಿಯಲ್ಲಿ 1983ರಷ್ಟು ಹಿಂದೆಯೇ ಹೇಳಿತ್ತು. 2023ರಲ್ಲಿ ಸಾಕ್ಷ್ಯ ಕಾಯ್ದೆಯನ್ನೇ ಹೊಸದಾಗಿ ಬರೆದರು, ಇದನ್ನು ಸೇರಿಸಲಿಲ್ಲ. ಸಿಮೆಂಟ್ ಕಲಸಿ ಮನೆಯೆಲ್ಲ ಗಿಲಾವು ಮಾಡಿದವರು ಸೋರುವ ಮೂಲೆಯನ್ನು ಹಾಗೇ ಬಿಟ್ಟಂತೆ.

ಪ್ರ: ನನ್ನ ಯಜಮಾನರು ಹೆಡ್ ಕಾನ್‌ಸ್ಟೆಬಲ್. ಹಬ್ಬವಿಲ್ಲ, ರಜೆಯಿಲ್ಲ. ಪೇಪರ್‌ನವರು ಯಾವಾಗ ನೋಡಿದರೂ ಪೊಲೀಸರದ್ದೇ ತಪ್ಪು ಎಂದು ಬರೆಯುತ್ತೀರಿ. ನಮ್ಮ ಕಷ್ಟ ಕಾಣುವುದಿಲ್ಲವೆ?

ಉ: ತಂಗಿ, ಬಂದೋಬಸ್ತಿನಲ್ಲಿ ಮಧ್ಯಾಹ್ನ ಮೂರಕ್ಕೆ ತಣ್ಣಗಾದ ಚಿತ್ರಾನ್ನದ ಪೊಟ್ಟಣ ಬಿಚ್ಚುವವರ ಪಕ್ಕದಲ್ಲೇ ಕೂತು ನಾನೂ ಅದೇ ಪೊಟ್ಟಣ ತಿಂದಿದ್ದೇನೆ. ಕಾಣುತ್ತದೆ. 2012ರ ಮಾರ್ಚ್ 2ರಂದು ಬೆಂಗಳೂರಿನ ಸಿವಿಲ್ ಕೋರ್ಟ್ ಆವರಣದಲ್ಲಿ, ಗಣಿ ಪ್ರಕರಣದ ಜನಾರ್ದನ ರೆಡ್ಡಿಯವರನ್ನು ಕರೆತಂದ ದಿನ, ವಕೀಲರ ಗುಂಪಿನಿಂದ ಮೊದಲು ಪತ್ರಕರ್ತರೂ ಆಮೇಲೆ ಪೊಲೀಸರೂ ಏಟು ತಿಂದರು. ಕೊನೆಗೆ ಪೊಲೀಸರ ಲಾಠಿ ವಕೀಲರ ಮೇಲೂ ಬಿತ್ತು. ಈಗ ನಾನು ಹಾಕುವ ಕರಿಕೋಟಿನವರೇ ಅವತ್ತು ಕಲ್ಲು ಎತ್ತಿದ್ದರು ಎಂಬುದನ್ನು ಮುಚ್ಚಿಟ್ಟರೆ ಉಳಿದದ್ದನ್ನು ಹೇಳುವ ಬಾಯಿ ನನಗಿರುವುದಿಲ್ಲ.

ಆದರೆ ‘ಯಾವಾಗ ನೋಡಿದರೂ ಪೊಲೀಸರದ್ದೇ ತಪ್ಪು ಎಂದು ಬರೆಯುತ್ತೀರಿ’ ಎಂಬುದನ್ನು ಒಪ್ಪಲಾರೆ. ನಿಜ ಅದರ ತಿರುಗುಮುರುಗು. ಯಾವುದೇ ದಿನದ ಜಿಲ್ಲಾ ಪುಟ ತೆಗೆಯಿರಿ: ‘ಖಚಿತ ಮಾಹಿತಿ ಮೇರೆಗೆ ದಾಳಿ ನಡೆಸಿದ ಪೊಲೀಸರು…’, ‘ಮಹಜರಿಗೆ ಕರೆದೊಯ್ದಾಗ ಹಲ್ಲೆ ನಡೆಸಿ ಪರಾರಿಯಾಗಲು ಯತ್ನ, ಆರೋಪಿ ಕಾಲಿಗೆ ಗುಂಡು’. ಇದು ವರದಿಗಾರನ ಭಾಷೆಯಲ್ಲ, ಪ್ರೆಸ್‌ನೋಟಿನ ಭಾಷೆ. ಮೇಲಿನ ಠಾಣೆ ಹೆಸರು, ಕೆಳಗಿನ ಸಹಿ ತೆಗೆದು ಹಾಗೇ ಹಾಕುತ್ತಾರೆ. ಗುಂಡು ಬಿದ್ದ ಕಾಲಿನವನನ್ನು ಆಸ್ಪತ್ರೆಗೆ ಹೋಗಿ ಮಾತಾಡಿಸುವವರಿಲ್ಲ. ಕ್ರೈಂ ಬೀಟಿನವರಿಗೆ ಸುದ್ದಿ ಬರುವುದು ಠಾಣೆಯಿಂದ. ಠಾಣೆ ಮುನಿಸಿಕೊಂಡರೆ ಮರುದಿನದ ಕಾಲಂ ಖಾಲಿ. ಸ್ವಾತಂತ್ರ್ಯ ಕಳೆದುಕೊಳ್ಳಲು ಲಾಠಿ ಬೇಕಿಲ್ಲ, ಇದು ಸಾಕು.

ಬಂಧಿತರ ಮುಖಕ್ಕೆ ಮುಸುಕು ಹಾಕಿ, ಮುಂದೆ ಜಪ್ತಿ ಮಾಲು ಜೋಡಿಸಿ, ಹಿಂದೆ ಅಧಿಕಾರಿಗಳು ಸಾಲಾಗಿ ನಿಲ್ಲುವ ಆ ಫೋಟೊ ಇದೆಯಲ್ಲ, ಅದರಲ್ಲಿ ಪೊಲೀಸರೂ ಪತ್ರಕರ್ತರೂ ಕೂಡಿಯೇ ಇನ್ನೊಬ್ಬ ನಾಗರಿಕನ ಹಕ್ಕು ತುಳಿಯುತ್ತಿರುತ್ತಾರೆ. ಮಾಧ್ಯಮಗಳಿಗೆ ಪೊಲೀಸರು ಮಾಹಿತಿ ಕೊಡುವ ರೀತಿಗೆ ಮಾರ್ಗಸೂಚಿ ಮಾಡಿ ಎಂದು 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೇಂದ್ರ ಗೃಹ ಸಚಿವಾಲಯಕ್ಕೆ ಸೂಚಿಸಿದ್ದು ಇದಕ್ಕೇ. ನಿಮ್ಮ ಯಜಮಾನರ ಡ್ಯೂಟಿ ಚಾರ್ಟು, ರಜೆಯ ಲೆಕ್ಕ ಸಿಕ್ಕರೆ ಕಳಿಸಿ, ಹೆಸರಿಲ್ಲದೆ ಬರೆಯುತ್ತೇನೆ. ಪೊಲೀಸರ ಮೇಲಾಗುವ ಅನ್ಯಾಯದ ಸುದ್ದಿ ಮಾಡಲೂ ಪತ್ರಕರ್ತರು ಠಾಣೆಗೆ ಹೆದರದೆ ಇರಬೇಕಾಗುತ್ತದೆ.

ಪ್ರ: ಕಾಸರಗೋಡಿನಿಂದ ಬರೆಯುತ್ತಿದ್ದೇನೆ. ಸರ್ಕಾರದ ಮಾನ್ಯತಾ ಕಾರ್ಡ್ ಇಲ್ಲದವರು ಪತ್ರಕರ್ತರೇ ಅಲ್ಲ ಎಂದು ಪೊಲೀಸರು ಹೇಳಬಹುದೆ?

ಉ: ನಿಮ್ಮ ಕಡೆಯವರಿಗೆ ಈ ಪ್ರಶ್ನೆ ಎಲ್ಲಿಂದ ಬಂತೆಂದು ಬಲ್ಲೆ. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೌರತ್ವ ಕಾಯ್ದೆ ವಿರೋಧಿ ಪ್ರತಿಭಟನೆಯ ವೇಳೆ ಪೊಲೀಸ್ ಗುಂಡಿಗೆ ಇಬ್ಬರು ಸತ್ತರು. ಮರುದಿನ ಬೆಳಿಗ್ಗೆ ಶವಗಳಿದ್ದ ವೆನ್ಲಾಕ್ ಆಸ್ಪತ್ರೆಯ ಹೊರಗೆ ವರದಿ ಮಾಡುತ್ತಿದ್ದ ಮಲಯಾಳಂ ವಾಹಿನಿಗಳವರನ್ನು ಪೊಲೀಸರು ವ್ಯಾನಿಗೆ ಹತ್ತಿಸಿ, ಗಂಟೆಗಟ್ಟಲೆ ಕೂರಿಸಿಕೊಂಡು, ಕೊನೆಗೆ ತಲಪಾಡಿ ಗಡಿಗೆ ಬಿಟ್ಟುಬಂದರು. ಕಾರ್ಡಿನ ಮಾತು ಆಗ ಬಂತು.

ಮಾನ್ಯತಾ ಕಾರ್ಡ್ ವಾರ್ತಾ ಇಲಾಖೆ ಕೊಡುವ ಸೌಲಭ್ಯ. ವಿಧಾನಸೌಧದೊಳಗೆ ಹೋಗಲು, ಸರ್ಕಾರಿ ಕಾರ್ಯಕ್ರಮಕ್ಕೆ ಹೋಗಲು ಅನುಕೂಲ. ಅದು ಲೈಸೆನ್ಸ್ ಅಲ್ಲ. ತಾಲ್ಲೂಕಿನ ಬಹುತೇಕ ವರದಿಗಾರರ ಹತ್ತಿರ ಅದು ಇರುವುದೇ ಇಲ್ಲ. ಕರ್ಫ್ಯೂ ಇದ್ದಾಗ ಪಾಸ್ ಕೇಳಬಹುದು, ಅಲ್ಲಿಂದ ಹೊರಡಿ ಎನ್ನಬಹುದು. ವ್ಯಾನಿನಲ್ಲಿ ಕೂರಿಸಿಕೊಂಡು ಸುತ್ತುವುದಕ್ಕೆ ಕಾರ್ಡ್ ಇಲ್ಲ ಎಂಬುದು ಕಾರಣವಾಗದು. 2025ರ ಆಗಸ್ಟ್ 6ರಂದು ಧರ್ಮಸ್ಥಳದಲ್ಲಿ ಯೂಟ್ಯೂಬ್‌ನವರ ಮೇಲೆ ಗುಂಪು ಹಲ್ಲೆ ಮಾಡಿದಾಗಲೂ ‘ಅವರೇನು ಪತ್ರಕರ್ತರಾ?’ ಎಂದು ಕೇಳಿದವರಿದ್ದರು. ಹೊಡೆತಕ್ಕೆ ಈ ಪ್ರಶ್ನೆ ಸಂಬಂಧವಿಲ್ಲ. ಮೇಷ್ಟ್ರಿಗೆ ಕೊಟ್ಟ ಉತ್ತರವನ್ನೇ ಮತ್ತೊಮ್ಮೆ ಓದಿ.

ಪ್ರ: ಪತ್ರಕರ್ತರ ರಕ್ಷಣೆಗೆ ಕರ್ನಾಟಕದಲ್ಲಿ ಪ್ರತ್ಯೇಕ ಕಾಯ್ದೆ ಬೇಡವೆ?

ಉ: ಮಹಾರಾಷ್ಟ್ರ 2017ರಲ್ಲಿ ಮಾಡಿತು: ಹಲ್ಲೆಗೆ ಮೂರು ವರ್ಷದವರೆಗೆ ಶಿಕ್ಷೆ, ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ಛತ್ತೀಸಗಡ 2023ರಲ್ಲಿ ಮಾಡಿತು. ಆಮೇಲೂ ಅಲ್ಲಿಯ ಬಿಜಾಪುರದಲ್ಲಿ, ರಸ್ತೆ ಕಾಮಗಾರಿಯ ಹುಳುಕು ಬಯಲಾದ ಬೆನ್ನಿಗೇ, ಪತ್ರಕರ್ತ ಮುಕೇಶ್ ಚಂದ್ರಾಕರ್ ಅವರ ಶವ 2025ರ ಜನವರಿ 3ರಂದು ಸೆಪ್ಟಿಕ್ ಟ್ಯಾಂಕಿನಲ್ಲಿ ಸಿಕ್ಕಿತು. ಕರ್ನಾಟಕದಲ್ಲಿ 2023ರ ಕೊನೆಗೆ ವಕೀಲರಿಗೆ ಇಂಥ ಕಾಯ್ದೆ ಬಂತು. ವಕೀಲರನ್ನು ಬಂಧಿಸಿದರೆ 24 ಗಂಟೆಯೊಳಗೆ ವಕೀಲರ ಸಂಘಕ್ಕೆ ತಿಳಿಸಬೇಕು. ನನ್ನ ಎರಡನೆಯ ವೃತ್ತಿಗೆ ಸಿಕ್ಕದ್ದು ಮೊದಲನೆಯದಕ್ಕೆ ಸಿಕ್ಕಿಲ್ಲ.

ನನಗೆ ಈ ಕಾಯ್ದೆಗಳ ಮೇಲೆ ಅಂಥ ಪ್ರೀತಿಯಿಲ್ಲ. ಹೊಡೆದವನು ಗೂಂಡಾ ಆದರೆ ಇವು ಕೆಲಸಕ್ಕೆ ಬಂದಾವು. ಹೊಡೆದವನು ಠಾಣೆಯವನಾದರೆ ತನಿಖೆ ಮಾಡುವವರೂ ಅವರೇ. ತಿಳಿಸಬೇಕೆಂಬ ಆ 24 ಗಂಟೆಯ ಕಲಂ ಒಂದನ್ನು ಮಾತ್ರ ಪತ್ರಕರ್ತರಿಗೂ ಕೊಡಿ, ಜತೆಗೆ ಉಪಕರಣ ಜಪ್ತಿಗೆ ಮ್ಯಾಜಿಸ್ಟ್ರೇಟರ ವಾರಂಟ್ ಕಡ್ಡಾಯ ಮಾಡಿ. ಉಳಿದದ್ದನ್ನು ನೋಡಿಕೊಳ್ಳೋಣ.

ಪ್ರ: ವಾರಪತ್ರಿಕೆ ನಡೆಸುತ್ತೇನೆ, ವಯಸ್ಸು 63. ಪಟ್ಟಣ ಪಂಚಾಯ್ತಿಯ ಟೆಂಡರ್ ಬಗ್ಗೆ ಬರೆದದ್ದಕ್ಕೆ ಯಾರೋ ದೂರು ಕೊಟ್ಟಿದ್ದಾರೆ. ಠಾಣೆಯಿಂದ ವಾಟ್ಸ್‌ಆ್ಯಪ್‌ನಲ್ಲಿ ನೋಟಿಸ್ ಬಂದಿದೆ, ಸೋಮವಾರ ಹತ್ತು ಗಂಟೆಗೆ ಹಾಜರಾಗಬೇಕಂತೆ. ಹೋಗಲೋ, ಬೇಡವೋ?

ಉ: ಹಿರಿಯರೇ, ಮೊದಲು ಅದರ ಮೇಲ್ಭಾಗ ನೋಡಿ, 35 ಎಂದಿದೆಯೋ 179 ಎಂದಿದೆಯೋ. ಎರಡರಲ್ಲಿ ಯಾವುದಾದರೂ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಅದು ಜಾರಿಯಾದಂತಲ್ಲ ಎಂದು 2025ರ ಜನವರಿಯಲ್ಲಿ ಸತೇಂದರ್ ಆಂಟಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. 179 ಆಗಿದ್ದರೆ ನೀವು ಹೋಗಬೇಕಾಗಿಯೇ ಇಲ್ಲ. 60 ದಾಟಿದವರನ್ನು ಸಾಕ್ಷಿಯಾಗಿ ಕೇಳಲು ಅವರೇ ನಿಮ್ಮ ಮನೆಗೆ ಬರಬೇಕು. 35 ಆಗಿದ್ದರೆ ನೋಟಿಸನ್ನು ಕಡೆಗಣಿಸಬೇಡಿ. ಸರಿಯಾಗಿ ಜಾರಿಯಾದ ನೋಟಿಸಿಗೆ ಹೋಗದಿದ್ದರೆ ಅದೇ ಬಂಧನಕ್ಕೆ ನೆಪವಾಗುತ್ತದೆ.

ಭಾನುವಾರದೊಳಗೆ ಒಂದು ಉತ್ತರ ಬರೆಯಿರಿ: ನೋಟಿಸನ್ನು ನಿಯಮದಂತೆ ಖುದ್ದಾಗಿ ಜಾರಿಮಾಡಿ, ಅಪರಾಧ ಸಂಖ್ಯೆ ಮತ್ತು ಎಫ್‌ಐಆರ್ ಪ್ರತಿ ಕೊಡಿ, ತನಿಖೆಗೆ ಸಹಕರಿಸುತ್ತೇನೆ. ಇಷ್ಟೇ. ಅದೇ ವಾಟ್ಸ್‌ಆ್ಯಪ್ ಸಂಖ್ಯೆಗೂ ಕಳಿಸಿ, ಠಾಣೆಯ ಇಮೇಲ್‌ಗೂ ಹಾಕಿ, ಸೋಮವಾರ ಬೆಳಿಗ್ಗೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಯಾರ ಕೈಯಲ್ಲಾದರೂ ಮುಟ್ಟಿಸಿದರೆ ಪ್ರತಿಯ ಮೇಲೆ ಠಾಣೆಯ ಮೊಹರು ಹಾಕಿಸಿಕೊಂಡು ಬರಲಿ. ಮೊಹರು ಹಾಕಲು ತಕರಾರು ಮಾಡಿದರೆ ಹಾಕಲಿಲ್ಲವೆಂದು ಹಿಂಬರಹ ಕೇಳಲಿ. ನೋಟಿಸ್ ಬಂದ ಮೊಬೈಲಿನ ಸ್ಕ್ರೀನ್‌ಶಾಟ್, ಟೆಂಡರ್ ವರದಿಯ ಪುಟ, ಅದಕ್ಕೆ ಆಧಾರವಾದ ಕಾಗದ ಮೂರನ್ನೂ ನನಗೆ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಅಸಲು ಬೇಡ, ಜೆರಾಕ್ಸ್ ಸಾಕು.